ತೊಟ್ಟಿಲು ತೂಗುವ ಕೈಗೊಂದು ಕಸಬು

ಮಲೆನಾಡೆಂದೊಡನೆ ನಗರವಾಸಿಗಳಾದ ನಮ್ಮ ಕಣ್ಣೆದುರಿಗೆ ಬಂದು ನಿಲ್ಲುವುದು ಜೋಗದ ಜಲಪಾತ, ಆಗುಂಬೆಯ ಸೂರ್ಯಾಸ್ತ, ಅಡಕೆಯ ತೋಟದ ತಣ್ಣೆಳಲು. ರಜೆಯ ದಿನಗಳಲ್ಲಿ ಮಕ್ಕಳುಮರಿಗಳೊಡನೆ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಮಾರ್ಗವಾಗಿ ಹೋಗಿಬಂದವರು ಆ ಹಸಿರಿನ ಸೊಬಗನ್ನು ವರ್ಷಗಟ್ಟಲೆ ಮೆಲುಕು ಹಾಕುವುದುಂಟು. ಆದರೆ ಆ ದಾರಿಯ ಬದಿಯ ಹೆಂಚಿನ ಮನೆಯೊಂದರ ಜಗಲಿಯ ಮೇಲೆ, ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ನಿಂತ ಎಳೆಯ ಮುಖವನ್ನು ಕಂಡು, ತಮ್ಮನನ್ನೆತ್ತಿಕೊಂಡ ಅಕ್ಕನಿರಬೇಕು ಎಂದುಕೊಂಡು ನಾವು ಮುಂದೆ ಸಾಗುತ್ತೇವೆ. ಅವಳು ಅಕ್ಕನಲ್ಲ, ತಾಯಿಯೇ ಆಗಿರಬಹುದೆಂಬ ಸಂಗತಿ ನಮಗೆ ಹೊಳೆಯುವುದೇ ಇಲ್ಲ.

ಶಾಲೆಯ ಚೀಲವನ್ನು ಹೊತ್ತು ನಡೆಯಬೇಕಾದ ವಯಸ್ಸಿನಲ್ಲಿ ಸಂಸಾರದ ಹೊರೆಯನ್ನು ಹೊತ್ತ ಇಂತಹ ಹುಡುಗಿಯರು ನಮ್ಮ ರಾಜ್ಯದಲ್ಲಿ ಇಂದಿಗೂ ಇದ್ದಾರೆ. ೨೦೧೯ರಿಂದ ೨೦೨೧ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ೨೦ರಿಂದ ೨೪ ವರ್ಷದ ಸ್ತ್ರೀಯರ ಪೈಕಿ ನೂರಕ್ಕೆ ೨೧.೩ ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ೧೫ರಿಂದ ೧೯ ವರ್ಷದವರಲ್ಲಿ ನೂರಕ್ಕೆ ೫.೪ ಮಂದಿ ಆಗಲೇ ತಾಯಂದಿರಾಗಿದ್ದರು ಅಥವಾ ಬಸುರಿಯರಾಗಿದ್ದರು. ಹಿಂದಿನ ಸಮೀಕ್ಷೆಯಲ್ಲಿ, ಅಂದರೆ ೨೦೧೫-೧೬ರಲ್ಲಿ, ಈ ಎರಡನೆಯ ಅಂಕಿ ೭.೮ ಇತ್ತು. ಇದು ಇಳಿದಿರುವುದು ಸಮಾಧಾನದ ವಿಷಯವೇ ಸರಿ. ಆದರೆ ಮದುವೆಯ ಅಂಕಿ ಮಾತ್ರ ಅಷ್ಟು ವರ್ಷಗಳಲ್ಲಿ ಹೆಚ್ಚು ಕಡಿಮೆ ಇದ್ದಲ್ಲಿಯೇ ನಿಂತಿದೆ. ಇವು ಇಡೀ ರಾಜ್ಯದ ಲೆಕ್ಕಗಳು. ಮಲೆನಾಡಿಗೆ ಮಾತ್ರವೇ ಅಂಟಿದ ಕಳಂಕವೆಂದು ಯಾರೂ ತಿಳಿಯಬಾರದು. ನಗರದ ಓಣಿಗಳಲ್ಲಿಯೂ ಬಯಲುಸೀಮೆಯ ಹಳ್ಳಿಗಳಲ್ಲಿಯೂ ಇದೇ ಕಥೆಯುಂಟು.

ಈ ಕಿರಿಯ ತಾಯಂದಿರು ತಮ್ಮ ಕಾಲ ಮೇಲೆ ತಾವು ನಿಲ್ಲುವಂತಾಗಲು ಏನು ಮಾಡಬೇಕು? ಕಸಬನ್ನು ಕಲಿಸಬೇಕು ಎಂಬ ಉತ್ತರ ಎಲ್ಲರ ಬಾಯಲ್ಲಿಯೂ ಸಿದ್ಧವಾಗಿರುತ್ತದೆ. ಅದು ಸರಿಯಾದ ಉತ್ತರ. ಆದರೆ ಅರ್ಧ ಉತ್ತರ. ಉಳಿದ ಅರ್ಧ ಯಾವುದೆಂಬುದನ್ನು ಮಲೆನಾಡಿನ ಈ ಮೂರು ತಾಲ್ಲೂಕುಗಳು ನಮಗೆ ಚೆನ್ನಾಗಿ ತಿಳಿಸಿಕೊಡಬಲ್ಲವು.

ಕಾನೂನು ಬಂದ ದಾರಿ

ಎಳೆಯರ ಮದುವೆಯನ್ನು ತಡೆಯಬೇಕೆಂಬ ಯೋಚನೆ ನಮ್ಮ ನಾಡಿಗೆ ಹೊಸದಲ್ಲ. ೧೮೯೪ರಷ್ಟು ಹಿಂದೆಯೇ ಮೈಸೂರು ಸಂಸ್ಥಾನದಲ್ಲಿ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ವಿವಾಹವನ್ನು ನಿಷೇಧಿಸುವ ನಿಯಮವೊಂದು ಜಾರಿಗೆ ಬಂದಿತ್ತು. ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ವರಿಸುವುದನ್ನೂ ಅದು ತಡೆಯಿತು. ಎಂಟು ವರ್ಷವೆಂಬುದು ಇಂದು ನಮಗೆ ನಗೆಯನ್ನೂ ಮರುಕವನ್ನೂ ಒಟ್ಟಿಗೇ ತರಬಹುದು. ಆದರೆ ಅಷ್ಟು ಮಾಡುವುದಕ್ಕೂ ಆ ಕಾಲದಲ್ಲಿ ಎದೆಗಾರಿಕೆ ಬೇಕಿತ್ತು. ಬ್ರಿಟಿಷ್ ಇಂಡಿಯಾದಲ್ಲಿ ೧೯೨೯ರ ಶಾರದಾ ಕಾಯಿದೆ ಹುಡುಗಿಯ ವಯಸ್ಸನ್ನು ಹದಿನಾಲ್ಕಕ್ಕೆ ನಿಲ್ಲಿಸಿತು. ೧೯೭೮ರಲ್ಲಿ ಅದು ಹದಿನೆಂಟಕ್ಕೆ ಏರಿತು. ೨೦೦೬ರ ಬಾಲ್ಯವಿವಾಹ ನಿಷೇಧ ಕಾಯಿದೆ ಇನ್ನಷ್ಟು ಬಿಗಿಯಾಯಿತು. ಕರ್ನಾಟಕವಂತೂ ಅದಕ್ಕೆ ತನ್ನದೇ ತಿದ್ದುಪಡಿಯನ್ನು ತಂದು, ಅಂತಹ ಮದುವೆ ಮೊದಲಿನಿಂದಲೇ ಅಸಿಂಧುವೆಂದು ಸಾರಿತು.

ಇದೆಲ್ಲವೂ ಸ್ತುತ್ಯವಾದ ಕಾರ್ಯ. ಆದರೆ ಮದುವೆಯನ್ನು ಕಾನೂನು ಅಳಿಸಬಲ್ಲದೇ ಹೊರತು, ಮಡಿಲಲ್ಲಿ ಮಲಗಿದ ಮಗುವನ್ನು ಅಳಿಸಲಾರದು, ಅಳಿಸಲೂಬಾರದು. ಹೀಗಾಗಿ ಹದಿನೆಂಟು ತುಂಬದ ತಾಯಿ ಒಂದು ವಿಚಿತ್ರವಾದ ಸಂದಿಯಲ್ಲಿ ಸಿಕ್ಕಿಬೀಳುತ್ತಾಳೆ. ಮೊದಲ ಹೆರಿಗೆಗೆ ಧನಸಹಾಯ ನೀಡುವ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯ ಪ್ರಯೋಜನ ಪಡೆಯಲು ಹದಿನೆಂಟು ದಾಟಿರಬೇಕು. ೨೦೨೩ರಲ್ಲಿ ಆರಂಭವಾದ ಗೃಹಲಕ್ಷ್ಮಿಯ ತಿಂಗಳ ಎರಡು ಸಾವಿರ ರೂಪಾಯಿ ಸಲ್ಲುವುದು ಪಡಿತರ ಚೀಟಿಯಲ್ಲಿ ಯಜಮಾನಿಯೆಂದು ಹೆಸರಿರುವವಳಿಗೆ. ಕೂಡುಕುಟುಂಬದಲ್ಲಿ ಆಕೆ ಸಾಮಾನ್ಯವಾಗಿ ಅತ್ತೆ, ಸೊಸೆಯಲ್ಲ. ಸಹಕಾರ ಸಂಘದ ಸದಸ್ಯತ್ವಕ್ಕೂ ಹದಿನೆಂಟಾಗಿರಬೇಕು. ಈ ವಯಸ್ಸಿನ ಕಟ್ಟಳೆಗಳಲ್ಲಿ ಒಂದೊಂದಕ್ಕೂ ತಕ್ಕ ಕಾರಣವಿದೆ. ಎಳೆಯ ಮದುವೆಗೆ ಸರ್ಕಾರವೇ ಪ್ರೋತ್ಸಾಹ ಕೊಟ್ಟಂತಾಗಬಾರದು ಎಂಬುದು ಅವುಗಳಲ್ಲೊಂದು. ಆದರೆ ಎಲ್ಲವೂ ಕೂಡಿದಾಗ, ನೆರವು ಯಾರಿಗೆ ಅತ್ಯಂತ ಅವಶ್ಯವೋ ಅವಳೇ ಬಾಗಿಲ ಹೊರಗೆ ನಿಲ್ಲುವಂತಾಗುತ್ತದೆ.

ಇಲ್ಲಿ ದುರ್ಗಾಬಾಯಿ ದೇಶಮುಖರನ್ನು ನೆನೆಯುವುದು ಉಚಿತ. ಎಂಟನೆಯ ವಯಸ್ಸಿನಲ್ಲಿಯೇ ಆಕೆಗೆ ವಿವಾಹವಾಗಿತ್ತು. ಹದಿನೈದನೆಯ ವಯಸ್ಸಿನಲ್ಲಿ ಆ ಬಂಧನವನ್ನು ಬಿಟ್ಟು ಹೊರಬಂದು, ಓದಿ, ವಕೀಲರಾಗಿ, ಸಂವಿಧಾನ ಸಭೆಯ ಸದಸ್ಯರಾದರು. ೧೯೫೩ರಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷೆಯಾದವರು ಅವರೇ. ೧೯೫೮ರಲ್ಲಿ ಆ ಮಂಡಳಿಯು, ಓದನ್ನು ಅರ್ಧಕ್ಕೆ ಬಿಟ್ಟ ಸ್ತ್ರೀಯರು ಕೆಲವೇ ವರ್ಷಗಳಲ್ಲಿ ಪರೀಕ್ಷೆಗೆ ಕೂರುವಂತೆ ಸಂಕ್ಷಿಪ್ತ ಶಿಕ್ಷಣ ಕ್ರಮವನ್ನು ಆರಂಭಿಸಿತು. ಓದು ತಪ್ಪಿದವಳಿಗೆ ಮತ್ತೊಂದು ಅವಕಾಶ ಬೇಕೆಂಬುದನ್ನು ಅನುಭವದಿಂದಲೇ ಬಲ್ಲವರ ಯೋಜನೆ ಅದು. ಆ ಮಂಡಳಿಯನ್ನು ೨೦೨೨ರಲ್ಲಿ ಮುಚ್ಚಲಾಯಿತು. ಆದರೆ ಅದು ಎತ್ತಿದ ಪ್ರಶ್ನೆ ಮುಚ್ಚಿಹೋಗಿಲ್ಲ.

ದೂರವೆಂಬ ತೊಡಕು

ಬಯಲುಸೀಮೆಯಲ್ಲಿ ಊರೆಂದರೆ ಒತ್ತಾಗಿ ನಿಂತ ನೂರಾರು ಮನೆಗಳು. ಮಲೆನಾಡಿನಲ್ಲಿ ಹಾಗಲ್ಲ. ಇಲ್ಲೊಂದು ಮನೆ, ಗುಡ್ಡದಾಚೆ ಇನ್ನೊಂದು ಮನೆ; ನಡುವೆ ತೋಟ, ಹಳ್ಳ, ಕಾಡು. ಅದರ ಮೇಲೆ ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ಶರಾವತಿಯ ನೀರು ಸಾಗರ, ಹೊಸನಗರ ತಾಲ್ಲೂಕುಗಳ ಕಣಿವೆಗಳನ್ನು ತುಂಬಿಕೊಂಡಿತು. ನಾಡಿಗೆ ಬೆಳಕು ಬಂದಿತು. ಇಲ್ಲಿಯ ಎಷ್ಟೋ ಹಳ್ಳಿಗಳ ದಾರಿ ನೀರಿನಡಿಗೆ ಹೋಯಿತು. ತುಮರಿ ಸೀಮೆಯ ಜನ ಸಾಗರದ ಪೇಟೆಗೆ ಬರಬೇಕಾದರೆ ಲಾಂಚನ್ನು ಕಾದು ಕುಳಿತುಕೊಳ್ಳಬೇಕಿತ್ತು. ಅಂಬಾರಗೊಡ್ಲು ಮತ್ತು ಕಳಸವಳ್ಳಿಗಳ ನಡುವೆ ಸೇತುವೆ ತೆರೆದದ್ದು ೨೦೨೫ರ ಜುಲೈ ತಿಂಗಳಿನಲ್ಲಿ. ಎಂದರೆ ನೀರು ತುಂಬಿ ಅರವತ್ತು ವರ್ಷ ಕಳೆದ ಮೇಲೆ.

ಕಸಬಿನ ತರಬೇತಿಗೂ ಈ ಭೂಗೋಳಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧ ಬಹಳ ಹತ್ತಿರದ್ದು. ಹೊಸನಗರದ ಒಳಹಳ್ಳಿಯಲ್ಲಿರುವ ಹದಿನೇಳರ ತಾಯಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಮಗುವಿಗೆ ಎಂಟು ತಿಂಗಳು. ಪೇಟೆಯಲ್ಲಿ ಹೊಲಿಗೆಯ ತರಗತಿ ಬೆಳಿಗ್ಗೆ ಹತ್ತು ಗಂಟೆಗೆ. ಬಸ್ಸು ಬರುವ ರಸ್ತೆಗೆ ಅವಳು ಗುಡ್ಡವಿಳಿದು ನಡೆಯಬೇಕು. ಅದಕ್ಕೆ ಮೊದಲು ನೀರು, ಕೊಟ್ಟಿಗೆ, ಅಡಿಗೆ ಮುಗಿಯಬೇಕು. ೨೦೨೩ರ ಜೂನ್ ತಿಂಗಳಿನಿಂದ ಸ್ತ್ರೀಯರಿಗೆ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತವಾಗಿದೆ, ನಿಜ. ಆದರೆ ಮಲೆನಾಡಿನ ಒಳರಸ್ತೆಗಳಲ್ಲಿ ಬಹುಮಟ್ಟಿಗೆ ಓಡುವವು ಖಾಸಗಿ ಬಸ್ಸುಗಳು. ಅಲ್ಲಿ ಹೋಗಿಬರುವ ಚಾರ್ಜು ಕೈಯಿಂದಲೇ ಕೊಡಬೇಕು. ಸಂಜೆಯ ಬಸ್ಸು ತಪ್ಪಿದರೆ ಮನೆಯಲ್ಲಿ ಮಗು ಹಸಿದಿರುತ್ತದೆ, ಅತ್ತೆ ಮುನಿದಿರುತ್ತಾಳೆ. ಮಳೆಗಾಲದ ನಾಲ್ಕು ತಿಂಗಳ ಮಾತನ್ನಂತೂ ಆಡುವಂತೆಯೇ ಇಲ್ಲ. ಇಂತಹ ಹುಡುಗಿ ತರಗತಿಯನ್ನು ನಡುವೆಯೇ ಬಿಟ್ಟರೆ, ಅವಳಿಗೆ ಆಸಕ್ತಿಯಿಲ್ಲವೆಂದು ದಾಖಲೆ ಪುಸ್ತಕದಲ್ಲಿ ಬರೆದುಬಿಡುವುದು ಅನ್ಯಾಯ.

ಒಳ್ಳೆಯ ಸಂಸ್ಥೆಗಳು ಇಲ್ಲವೆಂದಲ್ಲ. ದಕ್ಷಿಣ ಕನ್ನಡದ ಉಜಿರೆಯಲ್ಲಿ ೧೯೮೨ರಲ್ಲಿ ಹುಟ್ಟಿದ ರುಡ್‌ಸೆಟ್ ಸಂಸ್ಥೆ, ಹಳ್ಳಿಯ ನಿರುದ್ಯೋಗಿಗಳಿಗೆ ಊಟ ವಸತಿ ಸಹಿತ ಉಚಿತವಾಗಿ ಕಸಬು ಕಲಿಸಿ, ಬ್ಯಾಂಕಿನ ಸಾಲದ ದಾರಿಯನ್ನೂ ತೋರಿಸಿ ಇಡೀ ದೇಶಕ್ಕೆ ಮಾದರಿಯಾಯಿತು. ಅದರ ಪಡಿಯಚ್ಚಿನಲ್ಲಿ ಜಿಲ್ಲೆಗೊಂದರಂತೆ ಸಂಸ್ಥೆಗಳು ಎದ್ದವು. ಆದರೆ ಅಲ್ಲಿಯೂ ಪ್ರವೇಶಕ್ಕೆ ಹದಿನೆಂಟು ತುಂಬಿರಬೇಕು. ವಾರಗಟ್ಟಲೆ ಮನೆ ಬಿಟ್ಟು ಉಳಿಯಬೇಕು. ತರುಣನಿಗೆ ವರವಾದ ಈ ವಸತಿಯ ಏರ್ಪಾಟು ಹಾಲೂಡಿಸುವ ತಾಯಿಗೆ ತೊಡಕಾಗುತ್ತದೆ.

ಹೆಗ್ಗೋಡಿನ ಮಗ್ಗಗಳು

ಸಾಗರದಿಂದ ಕೆಲವೇ ಮೈಲಿಗಳ ದೂರದಲ್ಲಿ ಹೆಗ್ಗೋಡು ಇದೆ. ಕೆ. ವಿ. ಸುಬ್ಬಣ್ಣನವರ ನೀನಾಸಮ್ಮಿನಿಂದಾಗಿ ಆ ಊರಿನ ಹೆಸರು ನಾಟಕಪ್ರಿಯರಿಗೆಲ್ಲ ಪರಿಚಿತ. ಅದರ ಪಕ್ಕದ ಭೀಮನಕೋಣೆಯಲ್ಲಿ ಇನ್ನೊಂದು ಬಗೆಯ ನಾಟಕ ನಡೆದಿದೆ. ರಂಗನಿರ್ದೇಶಕರಾದ ಪ್ರಸನ್ನರು ನಗರವನ್ನು ಬಿಟ್ಟು ಇಲ್ಲಿ ಬಂದು ನೆಲೆಸಿ, ಸುತ್ತಲಿನ ಹೆಂಗಸರಿಗೆ ದುಡಿಮೆಯ ದಾರಿಯೊಂದನ್ನು ಹುಡುಕತೊಡಗಿದರು. ಅದರ ಫಲವಾಗಿ ೧೯೯೬ರ ಹೊತ್ತಿಗೆ 'ಚರಕ' ಎಂಬ ಮಹಿಳಾ ಸಹಕಾರ ಸಂಘ ಮೈತಳೆಯಿತು.

ಇದು ಕಿರಿಯ ತಾಯಂದಿರಿಗೆಂದೇ ತೆರೆದ ಆಶ್ರಯವಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಇಲ್ಲಿ ಎಲ್ಲ ವಯಸ್ಸಿನ ಹೆಂಗಸರೂ ದುಡಿಯುತ್ತ ಬಂದಿದ್ದಾರೆ. ಆದರೆ ಶಾಲೆಯನ್ನು ಅರ್ಧಕ್ಕೇ ಬಿಟ್ಟ, ಮನೆಯ ಸುತ್ತಿನ ಕೂಲಿಯ ಹೊರತು ಬೇರೆ ದುಡಿಮೆಯನ್ನು ಕಾಣದ ಹಳ್ಳಿಯ ಹೆಣ್ಣು ಹೇಗೆ ಕುಶಲ ಕೆಲಸಗಾರ್ತಿಯಾಗಬಲ್ಲಳು ಎಂಬುದನ್ನು ತಿಳಿಯಲು ಈ ಮೂರು ತಾಲ್ಲೂಕುಗಳಲ್ಲಿ ಇದಕ್ಕಿಂತ ಒಳ್ಳೆಯ ಪಾಠಶಾಲೆ ಮತ್ತೊಂದಿರಲಾರದು.

ಗಮನಿಸಬೇಕಾದ ಮೊದಲ ಸಂಗತಿಯೆಂದರೆ, ನೇಯ್ಗೆ ಹೆಗ್ಗೋಡಿನ ಕುಲಕಸಬಲ್ಲ. ಅಡಕೆ, ಭತ್ತ, ಕಾಡಿನ ಉತ್ಪನ್ನ ಇವೇ ಇಲ್ಲಿಯ ಜೀವನಾಧಾರ. ಅಜ್ಜಿಯಿಂದ ಮೊಮ್ಮಗಳಿಗೆ ಮಗ್ಗದ ವಿದ್ಯೆ ಹರಿದುಬಂದದ್ದಿಲ್ಲ. ಹೊಸದಾಗಿಯೇ ಕಲಿತರು, ಕಲಿತು ನಿಪುಣರಾದರು. ಕಸಬೆಂಬುದು ಜಾತಿಯಿಂದ ಬರುವಂಥದೆಂದು ನಂಬಿದವರಿಗೆ ಇದಕ್ಕಿಂತ ಸರಳವಾದ ಉತ್ತರ ಬೇಕಿಲ್ಲ.

ಎರಡನೆಯದಾಗಿ, ಬಟ್ಟೆಯೊಂದು ಸಿದ್ಧವಾಗಬೇಕಾದರೆ ಹಲವು ಕೈಗಳನ್ನು ದಾಟಬೇಕು. ನೂಲಿಗೆ ಬಣ್ಣ ಕಟ್ಟುವವರು ಒಬ್ಬರು, ಕಂಡಿಕೆ ಸುತ್ತುವವರು ಒಬ್ಬರು, ಹಾಸು ಹೂಡುವವರು ಮತ್ತೊಬ್ಬರು. ಮಗ್ಗದಲ್ಲಿ ಲಾಳಿಯಾಡಿಸುವವಳು ಇನ್ನೊಬ್ಬಳು. ಆಮೇಲೆ ಅಚ್ಚೊತ್ತುವುದು, ಕತ್ತರಿಸುವುದು, ಹೊಲಿಯುವುದು, ಗುಂಡಿ ಕೂರಿಸುವುದು, ಲೆಕ್ಕ ಬರೆಯುವುದು. ಇವುಗಳಲ್ಲಿ ಕಂಡಿಕೆ ಸುತ್ತುವುದನ್ನು ಕೆಲವೇ ದಿನಗಳಲ್ಲಿ ಕಲಿಯಬಹುದು. ನೇಯ್ಗೆಗೆ ತಿಂಗಳುಗಳು ಬೇಕು. ಬಣ್ಣದ ಮರ್ಮ ಕೈವಶವಾಗಲು ವರ್ಷಗಳೇ ಹಿಡಿಯುತ್ತವೆ. ಹೊಸಬಳು ಸುಲಭದ ಕೆಲಸದಿಂದ ಆರಂಭಿಸಿ ಮೆಟ್ಟಿಲು ಮೆಟ್ಟಿಲಾಗಿ ಏರಬಹುದು. ಮನೆಯಲ್ಲಿ ಕೈಗೂಸಿರುವವಳಿಗೆ ಇದೊಂದು ದೊಡ್ಡ ಅನುಕೂಲ. ಆರು ತಿಂಗಳು ಕಲಿ, ಆಮೇಲೆ ಗಳಿಸು ಎಂದರೆ ಅವಳ ಮನೆಯವರು ಕಾಯುವುದಿಲ್ಲ. ಕಲಿಯುತ್ತಲೇ ನಾಲ್ಕು ಕಾಸು ಬರುವಂತಿದ್ದರೆ, ನಾಳೆಯೂ ಅವಳನ್ನು ಕಳುಹಿಸಲು ಅವರು ಒಪ್ಪುತ್ತಾರೆ.

ಮೂರನೆಯದು ಬಣ್ಣದ ವಿಷಯ. ಅದನ್ನು ಕೊಂಚ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಅದರಲ್ಲಿ ಈ ನೆಲದ ಜಾಣ್ಮೆ ಅಡಗಿದೆ. ಎಳೆಯ ಅಡಕೆಯನ್ನು ಸುಲಿದು ಹಂಡೆಯಲ್ಲಿ ಬೇಯಿಸುವುದು ಮಲೆನಾಡಿನ ಮನೆಮನೆಯ ಕೆಲಸ. ಬೇಯಿಸಿದ ನೀರು ಮತ್ತೆ ಮತ್ತೆ ಕುದಿದು ಮಂದವಾಗಿ ಕೆಂಪಡರಿದಾಗ ಅದನ್ನು ಚೊಗರು ಎನ್ನುತ್ತಾರೆ. ಬಟ್ಟೆಯ ಮೇಲೆ ಬಿದ್ದರೆ ಎಷ್ಟು ಒಗೆದರೂ ಬಿಡದ ಈ ಕಲೆಯ ಬಗ್ಗೆ ಮಲೆನಾಡಿನ ಗೃಹಿಣಿಯರು ಗೊಣಗಿದ್ದೆಷ್ಟೋ! ಆ ಬಿಡದ ಗುಣವೇ ಇಲ್ಲಿ ಬಂಡವಾಳವಾಯಿತು. ಚೊಗರಿನಿಂದ ನೂಲಿಗೆ ಕೆಂಗಂದು ಬಣ್ಣ ಕಟ್ಟಿದರು. ದಾಳಿಂಬೆಯ ಸಿಪ್ಪೆಯಿಂದ ಹಳದಿ, ನೀಲಿಗಿಡದಿಂದ ನೀಲಿ. ಕಬ್ಬಿಣದ ತುಂಡುಗಳನ್ನು ಬೆಲ್ಲದ ನೀರಿನಲ್ಲಿ ಕೊಳೆಯಿಸಿ ಅಳಲೆಕಾಯಿಯ ಜೊತೆಗೂಡಿಸಿದರೆ ಕಪ್ಪು. ಬಣ್ಣ ನಿಲ್ಲಲು ಪಟಿಕದ ಸಹಾಯ. ಮನೆಯಂಗಳದಲ್ಲಿ ಹರಿದುಹೋಗುತ್ತಿದ್ದ ವಸ್ತುವಿಗೆ ಬೆಲೆ ಬಂದಂತೆ, ಅದನ್ನು ಹದವರಿತು ಬಳಸಬಲ್ಲ ಹೆಂಗಸಿನ ಕೈಗೂ ಬೆಲೆ ಬಂದಿತು.

ನಾಲ್ಕನೆಯದೇ ಎಲ್ಲಕ್ಕಿಂತ ಮುಖ್ಯವಾದದ್ದು. ನೇಯ್ದ ಬಟ್ಟೆಯನ್ನು ಮಾರುವವರು ಯಾರು? ಊರೂರಿನ ತರಬೇತಿ ಕೇಂದ್ರಗಳು ಮುಗ್ಗರಿಸುವುದು ಇಲ್ಲಿಯೇ. ಹೊಲಿಗೆ ಕಲಿತವಳಿಗೆ ಪ್ರಮಾಣಪತ್ರ ಸಿಗುತ್ತದೆ. ಒಮ್ಮೊಮ್ಮೆ ಯಂತ್ರವೂ ಸಿಗುತ್ತದೆ. ಆದರೆ ಒಂದೇ ಹಳ್ಳಿಯಲ್ಲಿ ಹತ್ತು ಜನ ರವಿಕೆ ಹೊಲಿಯಲು ಕುಳಿತರೆ ಹೊಲಿಸುವವರೆಲ್ಲಿ? ಯಂತ್ರಕ್ಕೆ ಮುಸುಕು ಹೊದಿಸಿ ಮೂಲೆಗೆ ತಳ್ಳುವುದೊಂದೇ ಉಳಿಯುತ್ತದೆ. ಚರಕದ ಬಟ್ಟೆಗಾದರೋ 'ದೇಸಿ' ಎಂಬ ಮಾರಾಟದ ಸಂಸ್ಥೆ ಜೊತೆಯಾಯಿತು. ಬೆಂಗಳೂರು ಮೊದಲಾದ ನಗರಗಳಲ್ಲಿ ಅಂಗಡಿಗಳು ತೆರೆದವು. ಹಳ್ಳಿಯ ಮಗ್ಗಕ್ಕೂ ನಗರದ ಮೈಗೂ ನೇರವಾದ ನಂಟು ಬೆಳೆಯಿತು. ಸಡಿಲವಾದ ಜುಬ್ಬ, ಅಂಚಿನ ಸೀರೆಗಳನ್ನು ಉಟ್ಟುತೊಟ್ಟವರಲ್ಲಿ ನಮ್ಮ ವಾಚಕರೂ ಹಲವರಿರಬಹುದು.

ಕಷ್ಟದ ದಿನಗಳು

ಈ ಕಥೆಯನ್ನು ಸುಖಾಂತವೆಂದು ಮುಗಿಸಿಬಿಡುವುದು ಪ್ರಾಮಾಣಿಕವಾಗದು. ೨೦೧೭ರಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ, ಕೈಯಿಂದ ಮಾಡಿದ ವಸ್ತುಗಳ ಮೇಲೆ ತೆರಿಗೆ ಇರಕೂಡದೆಂದು ಪ್ರಸನ್ನರು ಸತ್ಯಾಗ್ರಹ ಹೂಡಬೇಕಾಯಿತು. ೨೦೨೦ರಲ್ಲಿ ಕೋವಿಡ್ ಪಿಡುಗಿನಿಂದ ಅಂಗಡಿಗಳು ಮುಚ್ಚಿದಾಗ ಸಿದ್ಧಬಟ್ಟೆ ರಾಶಿಬಿದ್ದಿತು. ಕೆಲಸವನ್ನು ನಿಲ್ಲಿಸಬೇಕಾಗಿದೆಯೆಂದು ಸಂಸ್ಥೆಯೇ ಬಹಿರಂಗವಾಗಿ ಹೇಳಿಕೊಳ್ಳುವ ಸ್ಥಿತಿ ಬಂದಿತು. ಬಟ್ಟೆಯನ್ನು ಮೆಚ್ಚಿದವರು ಮುಂದೆ ಬಂದು ಕೈಹಿಡಿದ ಮೇಲೆ ಮಗ್ಗಗಳ ಸದ್ದು ಮತ್ತೆ ಕೇಳಿಸಿತು.

ಆ ದಿನಗಳು ಕಲಿಸಿದ ಪಾಠ ಸ್ಪಷ್ಟವಾಗಿದೆ. ಕೈಯಲ್ಲಿ ಕಸಬಿದ್ದ ಮಾತ್ರಕ್ಕೆ ಬದುಕು ಭದ್ರವಾಗುವುದಿಲ್ಲ. ಇಪ್ಪತ್ತೈದು ವರ್ಷ ಪಳಗಿದ ಕೈಗಳಿಗೇ ಕೆಲಸ ನಿಲ್ಲುವ ಭಯ ಬಂದದ್ದಾದರೆ, ಮೂರು ತಿಂಗಳ ತರಬೇತಿ ಮುಗಿಸಿ ಒಬ್ಬಂಟಿಯಾಗಿ ಮನೆ ಸೇರಿದ ಹುಡುಗಿಯ ಪಾಡೇನು? ಆದ್ದರಿಂದಲೇ ಅವಳ ಬೆನ್ನಿಗೊಂದು ಸಂಘ ಬೇಕು, ಸಂಘದ ಬೆನ್ನಿಗೊಂದು ಮಾರುಕಟ್ಟೆ ಬೇಕು.

ನೆಲಕ್ಕೆ ಒಗ್ಗುವ ಕೆಲಸಗಳು

ಎಲ್ಲರೂ ನೇಕಾರರಾಗಬೇಕಾಗಿಲ್ಲ. ಈ ಮೂರು ತಾಲ್ಲೂಕುಗಳ ಹೆಂಗಸರ ಕೈಯಲ್ಲಿ ಈಗಾಗಲೇ ಇರುವ ವಿದ್ಯೆಯನ್ನು ಎಣಿಸಿದರೆ ಆಶ್ಚರ್ಯವಾಗುತ್ತದೆ. ಸುಗ್ಗಿ ಬಂದಿತೆಂದರೆ ತೀರ್ಥಹಳ್ಳಿಯ ಕಡೆಯ ಅಂಗಳಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಸರಿರಾತ್ರಿಯವರೆಗೆ ಅಡಕೆ ಸುಲಿಯುವ ಹೆಂಗಸರ ಚುರುಕನ್ನು ನೋಡಿಯೇ ತಿಳಿಯಬೇಕು. ಆದರೆ ಅದು ಕೆಲವೇ ತಿಂಗಳುಗಳ ಕೂಲಿ. ಈಚೆಗೆ ಸುಲಿಯುವ ಯಂತ್ರವೂ ಪಾಲಿಗೆ ಬಂದು ನಿಂತಿದೆ. ಉದುರಿದ ಹಾಳೆಯನ್ನು ಒತ್ತಿ ಊಟದ ತಟ್ಟೆ ಮಾಡುವ ಕೆಲಸ ಅದೇ ತೋಟದ ಇನ್ನೊಂದು ಉತ್ಪನ್ನ. ಬೇಸಗೆಯಲ್ಲಿ ಹಾಳೆಯನ್ನು ಒಣಗಿಸಿ ದಾಸ್ತಾನಿಟ್ಟುಕೊಂಡರೆ ಮಳೆಗಾಲದಲ್ಲಿಯೂ ಕೆಲಸ ನಡೆಯುತ್ತದೆ.

ಹೊಸನಗರ ತಾಲ್ಲೂಕಿನ ರಿಪ್ಪನ್‌ಪೇಟೆಯ ಸುತ್ತ ಅಪ್ಪೆಮಿಡಿಗೆ ಹೆಸರು. ಮಿಡಿಯನ್ನು ತೊಟ್ಟುಸಹಿತ ಆಯ್ದು, ಉಪ್ಪಿನಲ್ಲಿ ಮುರುಟಿಸಿ, ವರ್ಷಗಟ್ಟಲೆ ಕೆಡದಂತೆ ಇಡುವ ಹದವನ್ನು ಮಲೆನಾಡಿನ ಹೆಂಗಸಿಗೆ ಯಾರೂ ಕಲಿಸಬೇಕಾಗಿಲ್ಲ. ಅವಳು ಕಲಿಯಬೇಕಾದದ್ದು ಬೇರೆಯೇ ಇದೆ. ಆಹಾರ ಸುರಕ್ಷತೆಯ ನೋಂದಣಿ, ಒಂದೇ ಅಳತೆಯ ಶೀಶೆ, ಹಚ್ಚಬೇಕಾದ ಚೀಟಿ, ಖರ್ಚು ಕಳೆದು ಉಳಿಯುವ ಲಾಭದ ಲೆಕ್ಕ — ತರಬೇತಿಯೆಂದರೆ ಇವೂ ಹೌದು. ಸಾಗರದ ಸೀಮೆಯ ದೀವರ ಹೆಣ್ಣುಮಕ್ಕಳು ಅಕ್ಕಿಯ ಹಿಟ್ಟಿನ ಬಿಳಿ, ಕೆಮ್ಮಣ್ಣು, ಕರಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿಗಳಿಂದ, ಪುಂಡಿನಾರಿನ ಕುಂಚ ಹಿಡಿದು ಬಿಡಿಸುವ ಹಸೆ ಚಿತ್ತಾರವನ್ನೂ ಭೂಮಿ ಹುಣ್ಣಿಮೆಯ ಬುಟ್ಟಿಯನ್ನೂ ಇಂದು ಕಲಾಪ್ರಿಯರು ಹುಡುಕಿಕೊಂಡು ಬರುತ್ತಾರೆ. ಈ ಕೆಲಸವನ್ನು ಮಗು ಮಲಗಿದ ಹೊತ್ತಿನಲ್ಲಿ ಮನೆಯ ಜಗಲಿಯ ಮೇಲೆಯೇ ಕುಳಿತು ಮಾಡಬಹುದು ಎಂಬುದನ್ನು ಮರೆಯಬಾರದು.

ಮನೆಯಲ್ಲಿಯೇ ದುಡಿಯುವ ಈ ಏರ್ಪಾಟಿಗೆ ದೊಡ್ಡ ನಿದರ್ಶನ ಮುಂಬಯಿಯದು. ೧೯೫೯ರ ಮಾರ್ಚ್ ೧೫ರಂದು ಗಿರಗಾಂವದ ಏಳು ಮಂದಿ ಗೃಹಿಣಿಯರು ೮೦ ರೂಪಾಯಿ ಸಾಲ ತಂದು ಹಪ್ಪಳ ಲಟ್ಟಿಸಲು ತೊಡಗಿದರು. ಲಿಜ್ಜತ್ ಹಪ್ಪಳವೆಂದು ಅದು ಮನೆಮಾತಾಯಿತು. ಹಿಟ್ಟನ್ನು ಕೇಂದ್ರದಲ್ಲಿ ನಾದಿ ಕೊಡುತ್ತಾರೆ. ಹೆಂಗಸರು ಮನೆಗೊಯ್ದು ಲಟ್ಟಿಸಿ, ಒಣಗಿಸಿ ತಂದೊಪ್ಪಿಸುತ್ತಾರೆ. ಗುಣವನ್ನು ಪರೀಕ್ಷಿಸುವುದು, ಮಾರುವುದು ಸಂಸ್ಥೆಯ ಹೊಣೆ. ತೊಟ್ಟಿಲು ಮನೆಯಲ್ಲಿದ್ದರೂ ದುಡಿಮೆ ನಿಲ್ಲಲಿಲ್ಲ.

ಮಗುವಿಗೊಂದು ಮೂಲೆ

ಮನೆಯ ಹೊರಗೆ ಕಲಿಯಬೇಕಾದ ಕಸಬುಗಳಿಗೆ ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆ ಇರಲೇಬೇಕು. ಮೊದಲ ಆರು ತಿಂಗಳು ಮಗುವಿಗೆ ತಾಯಿಯ ಹಾಲೇ ಆಹಾರವಾದ್ದರಿಂದ, ಅಷ್ಟರೊಳಗೆ ಅವಳನ್ನು ತರಗತಿಗೆ ಎಳೆಯುವುದು ವಿಹಿತವಲ್ಲ. ಹದಿಹರೆಯದ ತಾಯಿಗೆ ರಕ್ತಹೀನತೆಯ, ಅವಳ ಕೂಸಿಗೆ ಕಡಿಮೆ ತೂಕದ ಅಪಾಯ ಹೆಚ್ಚೆಂದು ವೈದ್ಯರು ಹೇಳುತ್ತಾರೆ. ಮೊದಲು ಅವಳ ಮೈ ಸುಧಾರಿಸಬೇಕು. ಆ ಬಳಿಕ? ಅಂಗನವಾಡಿಗೆ ಕಳುಹಿಸಲು ಮಗುವಿಗೆ ಮೂರಾದರೂ ತುಂಬಬೇಕು. ನಡುವಿನ ಈ ಅಂತರವನ್ನು ತುಂಬಲು ನಮ್ಮ ಸರ್ಕಾರ ೨೦೨೩ರಲ್ಲಿ 'ಕೂಸಿನ ಮನೆ' ಎಂಬ ಯೋಜನೆಯನ್ನು ಆರಂಭಿಸಿತು. ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ಪಂಚಾಯಿತಿಯ ಮಟ್ಟದಲ್ಲಿ ನೋಡಿಕೊಳ್ಳುವುದು ಅದರ ಉದ್ದೇಶ. ಕೂಲಿಗೆ ಹೋಗುವವಳಿಗೆ ಸಲ್ಲುವ ಈ ಅನುಕೂಲ ಕಸಬು ಕಲಿಯಲು ಹೋಗುವವಳಿಗೂ ದೊರೆತರೆ, ಮಲೆನಾಡಿನ ಎಷ್ಟೋ ಹುಡುಗಿಯರ ದಾರಿ ತೆರೆದೀತು.

ಹೊರದೇಶದ ಉದಾಹರಣೆಯೊಂದನ್ನು ಹೇಳುವುದಾದರೆ, ಕೆರಿಬಿಯನ್ ಕಡಲಿನ ಜಮೈಕಾ ದ್ವೀಪವನ್ನು ನೋಡಬಹುದು. ಹದಿಹರೆಯದಲ್ಲಿ ತಾಯಂದಿರಾದ ಹುಡುಗಿಯರನ್ನು ಶಾಲೆಗಳು ಹೊರಗೆ ಕಳುಹಿಸುತ್ತಿದ್ದ ಕಾಲದಲ್ಲಿ, ೧೯೭೮ರಲ್ಲಿ, ಅಲ್ಲಿ ಮಹಿಳಾ ಕೇಂದ್ರವೊಂದು ಆರಂಭವಾಯಿತು. ಬಸುರಿಯಾದ ಹುಡುಗಿ ಅಲ್ಲಿಗೆ ಬಂದು ಪಾಠವನ್ನು ಮುಂದುವರಿಸುತ್ತಾಳೆ. ಹೆರಿಗೆಯ ನಂತರ ಮತ್ತೆ ಸಾಮಾನ್ಯ ಶಾಲೆಗೆ ಹಿಂತಿರುಗುತ್ತಾಳೆ. ಕೂಸುಗಳಿಗೆ ಶಿಶುವಿಹಾರವುಂಟು. ಆ ನಾಡಿನ ರೀತಿನೀತಿಗಳು ನಮ್ಮವಲ್ಲ. ಆದರೆ ತಾಯಿಯಾದ ಮಾತ್ರಕ್ಕೆ ಹುಡುಗಿಯ ಓದು ಮುಗಿಯಬೇಕಾಗಿಲ್ಲ ಎಂಬ ವಿವೇಕ ಎಲ್ಲ ನಾಡಿಗೂ ಒಂದೇ. ನಮ್ಮಲ್ಲಿಯೂ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ, ಹದಿನಾಲ್ಕು ತುಂಬಿದವರು ಮನೆಯಲ್ಲಿಯೇ ಓದಿ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಬಹುದು. ಹೊಲಿಗೆಯ ತಂತ್ರವೇ ಮೊದಲಾದ ಕೆಲವು ಕೈಗಾರಿಕಾ ತರಬೇತಿಗಳಿಗೆ ಎಂಟನೆಯ ತರಗತಿ ಮುಗಿಸಿದ್ದರೆ ಸಾಕ. ಈ ಬಾಗಿಲುಗಳು ಇವೆಯೆಂಬುದನ್ನು ಆ ಹುಡುಗಿಗೆ ಹೇಳುವವರು ಬೇಕು.

ದುಡಿದ ಹಣ ಯಾರ ಕೈಗೆ?

ಕೊನೆಯದಾಗಿ ಒಂದು ಸೂಕ್ಷ್ಮವಾದ ವಿಚಾರ. ದುಡಿಯುವುದು ಬೇರೆ, ದುಡಿದ ಹಣದ ಒಡತಿಯಾಗುವುದು ಬೇರೆ. ಸೊಸೆಯ ಸಂಬಳವನ್ನು ಗಂಡನೋ ಮಾವನೋ ಎಣಿಸಿಕೊಳ್ಳುವಂತಿದ್ದರೆ, ಅವಳ ಹೊರೆಗೆ ಇನ್ನೊಂದು ಹೊರೆ ಸೇರಿತೇ ಹೊರತು ಸ್ವಾತಂತ್ರ್ಯ ಬರಲಿಲ್ಲ. ಹತ್ತು ವರ್ಷ ತುಂಬಿದವರು ತಮ್ಮ ಹೆಸರಿನಲ್ಲಿಯೇ ಉಳಿತಾಯದ ಖಾತೆ ತೆರೆದು ತಾವೇ ನಡೆಸಲು ರಿಸರ್ವ್ ಬ್ಯಾಂಕು ಅವಕಾಶವಿತ್ತಿದೆ; ಮಿತಿಗಳನ್ನು ಆಯಾ ಬ್ಯಾಂಕು ಗೊತ್ತುಮಾಡುತ್ತದೆ. ಆದ್ದರಿಂದ ಹದಿನೇಳರ ತಾಯಿಗೂ ಅವಳದೇ ಪಾಸ್‌ಪುಸ್ತಕವಿರಬಹುದು. ತರಬೇತಿಯ ಮೊದಲ ದಿನವೇ ಆ ಪುಸ್ತಕ ಅವಳ ಕೈ ಸೇರಬೇಕು.

ಸರ್ಕಾರದ ನೆರವಿನಲ್ಲಿಯೂ ಇದೇ ತೊಡಕು ಇಣುಕುವುದುಂಟು. ೨೦೨೩ರ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯು ಹದಿನೆಂಟು ಬಗೆಯ ಕಸಬುದಾರರಿಗೆ ತರಬೇತಿಯನ್ನೂ ಆ ದಿನಗಳಲ್ಲಿ ದಿನಕ್ಕೆ ೫೦೦ ರೂಪಾಯಿ ಭತ್ಯವನ್ನೂ ಕೊಡುತ್ತದೆ. ದರ್ಜಿಯವರು, ಬುಟ್ಟಿ ಚಾಪೆ ಹೆಣೆಯುವವರು, ಹೂಮಾಲೆ ಕಟ್ಟುವವರು ಅದರಲ್ಲಿ ಸೇರಿದ್ದಾರೆ. ಕಲಿಯುವ ದಿನಕ್ಕೂ ಸಂಬಳವುಂಟೆಂಬ ಈ ಕ್ರಮ ಅತ್ಯುತ್ತಮವಾದದ್ದು. ಆದರೆ ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ ಅವಕಾಶ. ಗಂಡ ಬಡಗಿಯಾಗಿ ಹೆಸರು ಬರೆಸಿದರೆ, ಹೊಲಿಗೆ ಬಲ್ಲ ಹೆಂಡತಿಗೆ ಜಾಗವಿಲ್ಲ.

ಇಷ್ಟನ್ನು ಓದಿದ ಮೇಲೆ, ದೂರದ ನಗರದಲ್ಲಿರುವ ತಾವೇನು ಮಾಡಬಹುದೆಂದು ನಮ್ಮ ಓದುಗ ಕುಟುಂಬಗಳು ಕೇಳಬಹುದು. ಮಾಡಬಹುದಾದದ್ದು ಬಹಳವಿದೆ. ನೆಂಟರಿಷ್ಟರಲ್ಲಿ, ಮನೆಗೆಲಸಕ್ಕೆ ಬರುವವರ ಮನೆಯಲ್ಲಿ ಎಳೆಯ ಹುಡುಗಿಯ ಮದುವೆಯ ಮಾತು ಕೇಳಿಬಂದರೆ ಸುಮ್ಮನಿರದೆ ತಡೆಯಲು ಯತ್ನಿಸಬೇಕು. ಮಕ್ಕಳ ಸಹಾಯವಾಣಿಯ ಸಂಖ್ಯೆ ೧೦೯೮ ಎಂಬುದನ್ನು ನೆನಪಿನಲ್ಲಿಡಬೇಕು. ಆದರೆ ಮದುವೆ ಆಗಿಹೋಗಿ ಮಗುವೂ ಇದ್ದ ಪಕ್ಷದಲ್ಲಿ, ಆ ಹುಡುಗಿಯನ್ನು ತಪ್ಪಿತಸ್ಥೆಯಂತೆ ನೋಡುವ ನಮ್ಮ ದೃಷ್ಟಿ ಬದಲಾಗಬೇಕು. ಅವಳು ತಪ್ಪು ಮಾಡಿದವಳಲ್ಲ. ಹಿರಿಯರ ತಪ್ಪನ್ನು ಹೊತ್ತವಳು.

ಇನ್ನು, ಹಬ್ಬಕ್ಕೆ ಬಟ್ಟೆ ಕೊಳ್ಳುವಾಗ, ಊಟದ ತಟ್ಟೆಗೂ ಉಪ್ಪಿನಕಾಯಿಗೂ ಹೇಳಿಕಳುಹಿಸುವಾಗ, ಹೆಂಗಸರ ಸಂಘಗಳು ತಯಾರಿಸಿದ್ದು ಸಿಗುವುದೇ ಎಂದು ಒಮ್ಮೆ ವಿಚಾರಿಸಬೇಕು. ಕೈಮಗ್ಗದ ಸೀರೆ ಗಿರಣಿಯ ಸೀರೆಗಿಂತ ತುಸು ದುಬಾರಿಯಾದರೆ, ಆ ಹೆಚ್ಚಿನ ಹಣದಲ್ಲಿ ಕಂಡಿಕೆ ಸುತ್ತಿದವಳ, ಬಣ್ಣ ಕಟ್ಟಿದವಳ, ಗುಂಡಿ ಕೂರಿಸಿದವಳ ದಿನದ ಪಾಲಿದೆ. ಅಂಗಡಿಯಲ್ಲಿ ನಿಂತು ಚೌಕಾಸಿ ಮಾಡುವ ಮುನ್ನ ಆ ಪಾಲನ್ನು ನೆನೆದರೆ, ಭೀಮನಕೋಣೆಯ ಮಗ್ಗಗಳು ಮುಂದಿನ ವರ್ಷವೂ ನಡೆಯುತ್ತವೆ. ಹೊಸನಗರದಲ್ಲಿಯೂ ತೀರ್ಥಹಳ್ಳಿಯಲ್ಲಿಯೂ ಅಂತಹ ಇನ್ನಷ್ಟು ಸಂಘಗಳು ತಲೆಯೆತ್ತಲು ಧೈರ್ಯ ಬರುತ್ತದೆ.